ಅರ್ಹತೆಗೂ ಉಂಟು ಒಂದು ಗಡುವು

ನಮ್ಮಲ್ಲಿ ಬೋರ್ಡ್ ಪರೀಕ್ಷೆ ಎಂದರೆ ಎಸ್ಸೆಸ್ಸೆಲ್ಸಿ. ಬೇಸಿಗೆಯ ಬಿಸಿಲು, ಹಾಲ್ ಟಿಕೆಟ್ಟು, ಮನೆದೇವರಿಗೆ ಹೊತ್ತ ಹರಕೆ ಎಲ್ಲವೂ ಆ ಒಂದು ಮಾತಿನ ಬೆನ್ನಿಗೇ ನೆನಪಾಗುತ್ತವೆ. ಹೀಗಾಗಿ ಅಮೆರಿಕದಲ್ಲಿ ಡಾಕ್ಟರಾಗಿರುವ ಮಗನೋ ಮಗಳೋ ಮೂವತ್ತು ದಾಟಿದ ಮೇಲೆ ‘ಬೋರ್ಡ್ ಪರೀಕ್ಷೆ ಇದೆ, ಈ ಸಲ ಊರಿಗೆ ಬರೋಕಾಗಲ್ಲ’ ಎಂದು ಫೋನಿನಲ್ಲಿ ಹೇಳಿದರೆ ಇಲ್ಲಿ ತಂದೆ ತಾಯಿಗೆ ಗೊಂದಲವಾಗುವುದು ಸಹಜ. ಎಂ.ಬಿ.ಬಿ.ಎಸ್. ಆಯಿತು, ಅಲ್ಲಿಗೆ ಹೋದ ಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷ ಹಗಲಿರುಳು ದುಡಿದದ್ದಾಯಿತು, ವೃತ್ತಿಯ ಪರವಾನಗಿಯೂ ಕೈಗೆ ಬಂತು. ಇನ್ನೆಂಥ ಪರೀಕ್ಷೆ?

ಕುತೂಹಲದ ಸಂಗತಿಯೆಂದರೆ, ಕಾನೂನಿನ ದೃಷ್ಟಿಯಲ್ಲಿ ಆ ಪರೀಕ್ಷೆ ಕಡ್ಡಾಯವೇ ಅಲ್ಲ. ಬರೆಯದಿದ್ದರೂ ರೋಗಿಗಳನ್ನು ನೋಡಬಹುದು. ಆದರೂ ಬಹುಪಾಲು ವೈದ್ಯರಿಗೆ ಬರೆಯದೆ ವಿಧಿಯಿಲ್ಲ. ಅಷ್ಟು ಮಾತ್ರವಲ್ಲ, ಯಾವಾಗ ಬರೆದಿರಿ ಎಂಬುದಕ್ಕೂ ಅಲ್ಲಿ ಲೆಕ್ಕವಿದೆ. ತರಬೇತಿ ಮುಗಿದೊಡನೆ ಕುಳಿತವರು ತೇರ್ಗಡೆಯಾಗುವುದು ಹೆಚ್ಚು. ವರ್ಷಗಳನ್ನು ಕಳೆದು ಬಂದವರು ಎಡವುವುದು ಹೆಚ್ಚು. ಇದನ್ನು ಪರೀಕ್ಷೆ ನಡೆಸುವ ಮಂಡಲಿಗಳೇ ತಮ್ಮ ಕಡತಗಳಿಂದ ಕಂಡುಕೊಂಡಿವೆ. ಆದರೆ ಇದೇ ದೇಶದಲ್ಲಿ ಒಂದು ಕಾಲಕ್ಕೆ ಇದಕ್ಕೆ ತದ್ವಿರುದ್ಧವಾದ ನಂಬಿಕೆ ಇತ್ತು. ವೈದ್ಯ ಹಳಬನಾದಷ್ಟೂ ಪಕ್ವನಾಗುತ್ತಾನೆ, ಕಾಲವೇ ಅವನ ಪರೀಕ್ಷಕ ಎಂದು ಮಂಡಲಿಗಳನ್ನು ಕಟ್ಟಿದವರೇ ಭಾವಿಸಿದ್ದರು. ಆ ನಂಬಿಕೆ ತಲೆಕೆಳಗಾದ ಕಥೆ ಇದು.

ಪರವಾನಗಿ ಬೇರೆ, ಪರಿಣತಿ ಬೇರೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಅಮೆರಿಕದಲ್ಲಿ ವೈದ್ಯನಾಗುವುದು ಕಷ್ಟದ ಕೆಲಸವಾಗಿರಲಿಲ್ಲ. ಬಾಗಿಲಿಗೆ ಫಲಕ ತೂಗುಹಾಕಿದವನೇ ಡಾಕ್ಟರು ಎಂಬಂಥ ಸ್ಥಿತಿ ಹಲವೆಡೆ ಇತ್ತು. ಶತಮಾನದ ಕೊನೆಯ ದಶಕಗಳಲ್ಲಿ ರಾಜ್ಯಗಳು ಒಂದೊಂದಾಗಿ ಪರವಾನಗಿ ಕಾನೂನು ತಂದವು. ಪಶ್ಚಿಮ ವರ್ಜೀನಿಯಾದ ಫ್ರಾಂಕ್ ಡೆಂಟ್ ಎಂಬ ವೈದ್ಯ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದ. ಆತನ ಪದವಿಯನ್ನು ರಾಜ್ಯದ ಆರೋಗ್ಯ ಮಂಡಲಿ ಮಾನ್ಯ ಮಾಡಿರಲಿಲ್ಲ. 1889ರಲ್ಲಿ ತೀರ್ಪು ರಾಜ್ಯದ ಪರವಾಗಿ ಬಂತು. ಜನರ ಜೀವಕ್ಕೆ ಸಂಬಂಧಿಸಿದ ವೃತ್ತಿಗೆ ಸರ್ಕಾರ ಅರ್ಹತೆ ಗೊತ್ತುಪಡಿಸಬಹುದು ಎಂಬ ತತ್ವ ಅಲ್ಲಿಗೆ ಗಟ್ಟಿಯಾಯಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳ ಸ್ಥಿತಿಗತಿ ಕುರಿತು ಕೊಟ್ಟ ವರದಿಯ ನಂತರ ಕಳಪೆ ಶಾಲೆಗಳು ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಸರ್ಕಾರ ಕೊಡುವ ಪರವಾನಗಿ ಒಂದೇ, ಅದರಲ್ಲಿ ವಿಭಾಗಗಳಿಲ್ಲ. ಅದನ್ನು ಪಡೆದವನು ಹೆರಿಗೆಯನ್ನೂ ಮಾಡಿಸಬಹುದು, ತಲೆಬುರುಡೆಯನ್ನೂ ತೆರೆಯಬಹುದು. ಇಂದಿಗೂ ಕಾನೂನಿನ ಚೌಕಟ್ಟು ಬಹುಮಟ್ಟಿಗೆ ಹಾಗೆಯೇ ಇದೆ. ಹಾಗಿದ್ದ ಮೇಲೆ ನಿಜವಾದ ತಜ್ಞ ಯಾರು, ಫಲಕದ ಮೇಲೆ ಮಾತ್ರ ತಜ್ಞನಾದವನು ಯಾರು ಎಂದು ರೋಗಿ ತಿಳಿಯುವುದು ಹೇಗೆ?

ಈ ಪ್ರಶ್ನೆ ಮೊದಲು ಬಿಸಿಯಾಗಿ ತಟ್ಟಿದ್ದು ಕಣ್ಣಿನ ವೈದ್ಯರಿಗೆ. ಕೆಲವು ವಾರಗಳ ತರಬೇತಿ ಪಡೆದು ಕಣ್ಣಿನ ತಜ್ಞರೆಂದು ಕರೆದುಕೊಂಡವರು ಒಂದು ಕಡೆ, ಕನ್ನಡಕ ಮಾರುವವರು ಇನ್ನೊಂದು ಕಡೆ. ದೃಷ್ಟಿ ಪರೀಕ್ಷಿಸಿ ಕನ್ನಡಕ ಕೊಡುವವರಿಗೆ 1901ರಲ್ಲಿ ಮಿನ್ನೆಸೋಟಾ ರಾಜ್ಯ ಪ್ರತ್ಯೇಕ ಪರವಾನಗಿ ಕಾನೂನನ್ನೇ ಮಾಡಿತು. ಆದರೆ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಿಗೆ ಅಂಥ ಯಾವ ಪ್ರತ್ಯೇಕ ಮಾನದಂಡವೂ ಇರಲಿಲ್ಲ. 1908ರಲ್ಲಿ ಡೆರಿಕ್ ವೇಲ್ ಎಂಬ ನೇತ್ರವೈದ್ಯ ತಮ್ಮ ಸಂಘದ ಅಧ್ಯಕ್ಷ ಭಾಷಣದಲ್ಲಿ ವೃತ್ತಿಯವರೇ ಸೇರಿ ಪರೀಕ್ಷೆ ನಡೆಸುವ ಮಂಡಲಿಯೊಂದು ಬೇಕೆಂದು ಸೂಚಿಸಿದರು. ಮೂರು ನೇತ್ರವೈದ್ಯ ಸಂಘಟನೆಗಳು ಕೂಡಿ ಆ ಮಂಡಲಿಯನ್ನು ಕಟ್ಟುವ ಹೊತ್ತಿಗೆ ಎಂಟು ವರ್ಷ ಸಂದವು. ಡೆನ್ವರಿನ ಎಡ್ವರ್ಡ್ ಜಾಕ್ಸನ್ ಅದರ ಮೊದಲ ಅಧ್ಯಕ್ಷರು. 1916ರ ಡಿಸೆಂಬರ್‌ನಲ್ಲಿ ಟೆನೆಸ್ಸಿಯ ಮೆಂಫಿಸ್ ನಗರದಲ್ಲಿ ಮೊದಲ ಪರೀಕ್ಷೆ ನಡೆಯಿತು. ಸರ್ಕಾರದ ಹಂಗಿಲ್ಲದೆ, ಕಾನೂನಿನ ಬಲವಿಲ್ಲದೆ, ವೈದ್ಯರೇ ವೈದ್ಯರನ್ನು ಅಳೆಯುವ ಪದ್ಧತಿ ಹೀಗೆ ಹುಟ್ಟಿತು.

1924ರಲ್ಲಿ ಕಿವಿ ಮೂಗು ಗಂಟಲಿನವರು, 1930ರಲ್ಲಿ ಪ್ರಸೂತಿ ತಜ್ಞರು, 1932ರಲ್ಲಿ ಚರ್ಮರೋಗದವರು ಇದೇ ಹಾದಿ ಹಿಡಿದರು. 1933ರಲ್ಲಿ ಇವೆಲ್ಲಕ್ಕೂ ಒಂದು ಸಲಹಾ ಒಕ್ಕೂಟ ಬಂತು. 1970ರಲ್ಲಿ ಅದಕ್ಕೆ ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲ್ಟೀಸ್ ಎಂಬ ಈಗಿನ ಹೆಸರಾಯಿತು. ಇಂದು ಅದರ ಅಡಿಯಲ್ಲಿ 24 ಮಂಡಲಿಗಳಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯು ವೈದ್ಯರಿಗೆ ದರ್ಜೆ ಕೊಡುವಾಗ ಮಂಡಲಿಯ ಪ್ರಮಾಣಪತ್ರವನ್ನು ಗಣನೆಗೆ ತೆಗೆದುಕೊಂಡದ್ದರಿಂದ ಅದಕ್ಕೆ ಒಮ್ಮೆಲೇ ಬೆಲೆ ಏರಿತು. ಮುಂದೆ ಆಸ್ಪತ್ರೆಗಳೂ ವಿಮಾ ಕಂಪನಿಗಳೂ ಅದನ್ನು ಕೇಳತೊಡಗಿದವು. ಐಚ್ಛಿಕವಾದದ್ದು ಹೀಗೆ ಅನಿವಾರ್ಯವಾಯಿತು.

ಅನುಭವವೇ ಪ್ರಮಾಣವಾಗಿದ್ದ ಕಾಲ

ಆರಂಭದ ಮಂಡಲಿಗಳಿಗೆ ಕಾಲದ ಬಗ್ಗೆ ಇದ್ದ ಧೋರಣೆಯನ್ನು ಗಮನಿಸಬೇಕು. ಹೊಸದಾಗಿ ಮಂಡಲಿ ಕಟ್ಟಿದಾಗ ಆಗಲೇ ಹೆಸರು ಮಾಡಿದ ಹಿರಿಯರನ್ನು ಪರೀಕ್ಷೆಗೆ ಕೂರಿಸುವುದು ಹೇಗೆ? ಪರೀಕ್ಷಕರಾಗಬೇಕಾದವರೇ ಅವರು. 1937ರಲ್ಲಿ ಶಸ್ತ್ರವೈದ್ಯರ ಮಂಡಲಿ ಇವಾರ್ಟ್ಸ್ ಗ್ರಹಾಂ ಅವರ ಅಧ್ಯಕ್ಷತೆಯಲ್ಲಿ ಆರಂಭವಾದಾಗ ಪ್ರಾಧ್ಯಾಪಕರನ್ನೂ ಬಹುಕಾಲ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿಕೊಂಡು ಬಂದವರನ್ನೂ ‘ಸಂಸ್ಥಾಪಕ ವರ್ಗ’ ಎಂದು ಕರೆದು ಪರೀಕ್ಷೆಯಿಲ್ಲದೆ ಒಳಗೆ ಸೇರಿಸಿಕೊಂಡರು. ಸಂದ ವರ್ಷಗಳೇ ಅವರ ಅಂಕಪಟ್ಟಿ.

ಇಂಥ ವಿನಾಯಿತಿಗೆ ಅಮೆರಿಕದಲ್ಲಿ ‘ಅಜ್ಜನ ಕಲಮು’ ಎಂಬ ಅರ್ಥದ ಹೆಸರಿದೆ. ಆ ಹೆಸರಿನ ಹುಟ್ಟು ಮಾತ್ರ ಮಾನದ್ದಲ್ಲ. ಅಂತರ್ಯುದ್ಧದ ನಂತರ ದಕ್ಷಿಣದ ಕೆಲವು ರಾಜ್ಯಗಳು ಕರಿಯರ ಮತದಾನ ತಡೆಯಲು ಅಕ್ಷರ ಪರೀಕ್ಷೆ ಇಟ್ಟವು; ಅದರಿಂದ ಅನಕ್ಷರಸ್ಥ ಬಿಳಿಯರಿಗೆ ತೊಂದರೆಯಾಗದಿರಲೆಂದು, ಯಾರ ಅಜ್ಜಂದಿರಿಗೆ ಮೊದಲೇ ಮತದ ಹಕ್ಕು ಇತ್ತೋ ಅವರಿಗೆ ಪರೀಕ್ಷೆ ಬೇಡ ಎಂದವು. 1915ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಹೆಸರು ಉಳಿದುಕೊಂಡಿತು. ವೈದ್ಯಕೀಯ ಪ್ರಮಾಣಪತ್ರಕ್ಕೂ ಅದೇ ಹೆಸರು ಬಂದು ಅಂಟಿತು.

ಹೊಸಬರಿಗೂ ಕಾಲ ಕಾಯುವ ನಿಯಮವಿತ್ತು. ತರಬೇತಿಯಾದ ಮೇಲೆ ಸ್ವಂತವಾಗಿ ಕೆಲಕಾಲ ವೃತ್ತಿ ಮಾಡಿ, ಆಮೇಲೆ ಅಂತಿಮ ಪರೀಕ್ಷೆಗೆ ಬರಬೇಕೆಂದು ಕೆಲವು ಮಂಡಲಿಗಳು ವಿಧಿಸಿದವು. ಮೂಳೆ ತಜ್ಞರೂ ಪ್ರಸೂತಿ ತಜ್ಞರೂ ಇದರ ಒಂದು ರೂಪವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಮೊದಲು ಲಿಖಿತ ಪರೀಕ್ಷೆ. ಬಳಿಕ, ತಾನು ಸ್ವತಃ ಚಿಕಿತ್ಸೆ ಮಾಡಿದ ರೋಗಿಗಳ ಪಟ್ಟಿ ಹಿಡಿದು ಹಿರಿಯರ ಮುಂದೆ ಮೌಖಿಕ ಪರೀಕ್ಷೆ. ಕೈ ಪಳಗದೆ ಬಂದವನಿಗೆ ಅಲ್ಲಿ ಉತ್ತರ ಸಿಗದು.

ಹೀಗೆ ಅನುಭವವೇ ಪ್ರಮಾಣವಾಗಿದ್ದ ಕಾಲದಲ್ಲಿ ಒಮ್ಮೆ ಕೊಟ್ಟ ಪ್ರಮಾಣಪತ್ರ ಸಾಯುವತನಕ ಸಲ್ಲುತ್ತಿತ್ತು. ಇದನ್ನು ಮುರಿದದ್ದು 1969ರಲ್ಲಿ ಮಾನ್ಯತೆ ಪಡೆದ ಕುಟುಂಬ ವೈದ್ಯರ ಮಂಡಲಿ. ಸಾಲಿನಲ್ಲಿ 20ನೆಯದಾಗಿ ಬಂದ ಈ ಮಂಡಲಿ ಎರಡು ಹೊಸ ಕಟ್ಟಳೆ ಮಾಡಿತು. ಹಿರಿಯರಿಗೂ ಪರೀಕ್ಷೆಯಿಲ್ಲದೆ ಪ್ರವೇಶವಿಲ್ಲ. ಮತ್ತು ಪ್ರಮಾಣಪತ್ರಕ್ಕೆ ಏಳೇ ವರ್ಷ ಆಯುಸ್ಸು, ಅಷ್ಟರೊಳಗೆ ಮತ್ತೆ ಪರೀಕ್ಷೆ ಕೊಟ್ಟು ನವೀಕರಿಸಬೇಕು. 1976ರಿಂದ ಶಸ್ತ್ರವೈದ್ಯರೂ 1990ರಿಂದ ಫಿಜಿಶಿಯನ್ನರೂ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಮಿತಿ ಹಾಕಿಕೊಂಡರು. ವಿದ್ಯೆಯೂ ಹಾಲಿನಂತೆ ಹಳಸುತ್ತದೆ ಎಂದು ವೃತ್ತಿ ಒಪ್ಪಿಕೊಂಡ ಹಾಗಾಯಿತು.

ಮುಗಿಯದ ‘ಅರ್ಹತೆ’

ಪ್ರಮಾಣಪತ್ರಕ್ಕೆ ಮಿತಿ ಬಂತು. ಆದರೆ ಪ್ರಮಾಣಪತ್ರ ಪಡೆಯುವ ಮೊದಲಿನ ಸ್ಥಿತಿಗೆ ಮಿತಿ ಇರಲಿಲ್ಲ. ತರಬೇತಿ ಮುಗಿಸಿ ಇನ್ನೂ ತೇರ್ಗಡೆಯಾಗದ ವೈದ್ಯನನ್ನು ‘ಬೋರ್ಡ್ ಎಲಿಜಿಬಲ್’, ಅಂದರೆ ಪರೀಕ್ಷೆಗೆ ಕೂರಲು ಅರ್ಹ ಎನ್ನುತ್ತಿದ್ದರು. ಒಂದೆರಡು ವರ್ಷದ ನಡುಗಾಲಕ್ಕೆ ಹುಟ್ಟಿದ ಮಾತದು. ಕ್ರಮೇಣ ಕೆಲವರು ಅದನ್ನೇ ಪದವಿಯಂತೆ ಧರಿಸತೊಡಗಿದರು. ಒಮ್ಮೆಯೂ ಪರೀಕ್ಷೆಗೆ ಕೂರದವರು, ಕೂತು ಮತ್ತೆ ಮತ್ತೆ ಅನುತ್ತೀರ್ಣರಾದವರು, ಹತ್ತು ಹದಿನೈದು ವರ್ಷ ಕಳೆದವರು ಎಲ್ಲರೂ ‘ಅರ್ಹ’ರೇ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇಲ್ಲಿ ಕೂಸು ಹುಟ್ಟಲೇ ಇಲ್ಲ, ಕುಲಾವಿ ಮಾತ್ರ ವರ್ಷಗಟ್ಟಲೆ ಬಾಗಿಲಲ್ಲಿ ತೂಗಾಡುತ್ತಿತ್ತು. ರೋಗಿಗೆ ಆ ಎರಡು ಮಾತುಗಳ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿ ಹಬ್ಬಿದ್ದನ್ನು ಓದುಗರು ಬಲ್ಲರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹ ಕಾಣುತ್ತದೆ ಎಂಬುದು ನಂಬಿಕೆ. ಪರೀಕ್ಷೆ ಎಂಬ ಭೂತಕ್ಕೆ ‘ನಾಳೆ ಬಾ’ ಬರೆದಿಟ್ಟು ಆರಾಮವಾಗಿದ್ದವರಿಗೆ 2012ರಲ್ಲಿ ಕಷ್ಟ ಬಂತು. ಮಂಡಲಿಗಳ ಒಕ್ಕೂಟ ಆ ವರ್ಷದಿಂದ ಜಾರಿಗೆ ತಂದ ನಿಯಮದ ಪ್ರಕಾರ ತರಬೇತಿ ಮುಗಿದ ಮೇಲೆ ಪ್ರಮಾಣಪತ್ರ ಪಡೆಯಲು ಗಡುವು ಉಂಟು. ಅದು ಮೂರು ವರ್ಷಕ್ಕಿಂತ ಕಡಿಮೆಯಿಲ್ಲದಂತೆ, ಏಳು ವರ್ಷ ಮೀರದಂತೆ ಆಯಾ ಮಂಡಲಿ ಗೊತ್ತುಪಡಿಸಬೇಕು. ಫಿಜಿಶಿಯನ್ನರ ಮಂಡಲಿ ಏಳು ವರ್ಷ ಕೊಟ್ಟಿತು. ಗಡುವು ದಾಟಿದರೆ ‘ಅರ್ಹ’ ಎಂದು ಹೇಳಿಕೊಳ್ಳುವಂತಿಲ್ಲ. ಮತ್ತೆ ಒಂದು ವರ್ಷ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತರಬೇತಿ ಪಡೆದ ನಂತರವೇ ಪರೀಕ್ಷೆಯ ಮಾತು.

ತಡವಾದಷ್ಟೂ ಕಷ್ಟ

ಗಡುವು ಬೇಕೆನ್ನಲು ಆಧಾರವೇನು? 2012ರಲ್ಲೇ ‘ಸರ್ಜರಿ’ ಎಂಬ ಪತ್ರಿಕೆಯಲ್ಲಿ ಶಸ್ತ್ರವೈದ್ಯ ಮಂಡಲಿಯ ಸಂಶೋಧಕರು ತಮ್ಮ ಅಭ್ಯರ್ಥಿಗಳ ದಾಖಲೆಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ತರಬೇತಿಯ ಬೆನ್ನಿಗೇ ಲಿಖಿತ ಪರೀಕ್ಷೆಗೆ ಕುಳಿತವರಿಗಿಂತ ಮುಂದೂಡಿದವರ ಫಲಿತಾಂಶ ಕಳಪೆ ಎಂಬುದು ಅದರ ಸಾರ. ಮಕ್ಕಳ ವೈದ್ಯರ ಪರೀಕ್ಷೆಯಂಥ ಬೇರೆ ವಿಭಾಗಗಳಲ್ಲೂ ಇದೇ ದಿಕ್ಕಿನ ಫಲಿತಾಂಶ ಕಂಡುಬಂದಿದೆ.

ಕಾರಣಗಳಲ್ಲಿ ಮೊದಲನೆಯದು ಎಲ್ಲರಿಗೂ ತಿಳಿದದ್ದೇ, ಮರೆವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆಂದು ಅವನು ಕಂಡ. ಅಮೆರಿಕದಲ್ಲಿ ತರಬೇತಿಯ ವರ್ಷ ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ವೈದ್ಯ ಎಲ್ಲ ಬಗೆಯ ರೋಗಿಗಳನ್ನೂ ನೋಡಿರುತ್ತಾನೆ, ಹಿರಿಯರ ಪ್ರಶ್ನೆಗಳಿಗೆ ದಿನಾ ಉತ್ತರಿಸಿರುತ್ತಾನೆ. ಜುಲೈಯಿಂದ ಅವನ ಲೋಕ ಕಿರಿದಾಗುತ್ತದೆ. ಮೂಲವ್ಯಾಧಿ, ಅಂಡವಾಯುಗಳಿಗೇ ಚಿಕಿತ್ಸೆ ಮಾಡುತ್ತ ಕೂತ ಶಸ್ತ್ರವೈದ್ಯನಿಗೆ ಅಪರೂಪದ ಗ್ರಂಥಿಯ ಗಡ್ಡೆಯ ಪಾಠ ಮಸುಕಾಗದೆ ಇರದು. ಪರೀಕ್ಷೆ ಮಾತ್ರ ಎಲ್ಲವನ್ನೂ ಕೇಳುತ್ತದೆ.

ಎರಡನೆಯ ಕಾರಣ ಸೂಕ್ಷ್ಮವಾದದ್ದು. ತಡಮಾಡಿದ್ದರಿಂದ ಅಂಕ ಇಳಿಯಿತೋ, ಅಥವಾ ಅಂಕ ಇಳಿಯಬಹುದೆಂಬ ಅಳುಕಿದ್ದವರೇ ತಡಮಾಡಿದರೋ? ಓದಿನಲ್ಲಿ ಮೊದಲಿಂದ ಹಿಂದಿದ್ದವರು ‘ಇನ್ನೊಂದು ವರ್ಷ ಓದಿಕೊಂಡು ಕೂರೋಣ’ ಎನ್ನುವುದು ಸಹಜ. ಎರಡೂ ಸೇರಿ ಕೆಲಸ ಮಾಡುತ್ತವೆ. ಕಾದರೆ ಗೆಲ್ಲಬಹುದು ಎಂದು ಕಾಯುವವರಿಗೇ ಕಾಯುವುದು ಹೆಚ್ಚು ಹೊಡೆತ ಕೊಡುತ್ತದೆ.

ಸಮಯಪಾಲನೆ ಸ್ವಭಾವದ ಲಕ್ಷಣವೂ ಹೌದು ಎನ್ನುವ ವಾದವೊಂದಿದೆ. 2009ರಲ್ಲಿ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಜಾನ್ ಮೆಕ್‌ಲಾಕ್ಲನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳ ಸಣ್ಣಪುಟ್ಟ ಕರ್ತವ್ಯಗಳಿಗೆ ಅಂಕವಿಡುವ ಪದ್ಧತಿಯನ್ನು ವರದಿ ಮಾಡಿದರು. ತರಗತಿಗೆ ಹಾಜರಿ, ಹೇಳಿದ ದಿನಕ್ಕೆ ಕಾಗದಪತ್ರ ಸಲ್ಲಿಕೆ, ಇಷ್ಟೇ. ಆ ಅಂಕಗಳಿಗೂ, ಈ ವಿದ್ಯಾರ್ಥಿ ವೃತ್ತಿಧರ್ಮಕ್ಕೆ ತಕ್ಕವನೇ ಎಂಬ ಬಗ್ಗೆ ಅಧ್ಯಾಪಕರಿಗಿದ್ದ ಅಭಿಪ್ರಾಯಕ್ಕೂ ಹೊಂದಿಕೆ ಕಂಡಿತು. ಅದಕ್ಕೂ ಮೊದಲು, 2005ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾಕ್ಸೀನ್ ಪಾಪಡಾಕಿಸ್ ಮತ್ತು ಸಂಗಡಿಗರು ಮೂರು ವೈದ್ಯಕೀಯ ಶಾಲೆಗಳಲ್ಲಿ ಕಲಿತು ಮುಂದೆ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ಹಳೆಯ ಕಡತಗಳನ್ನು ತೆರೆದು ನೋಡಿದ್ದರು. ವಿದ್ಯಾರ್ಥಿ ದೆಸೆಯಲ್ಲಿ ತೀವ್ರ ಬೇಜವಾಬ್ದಾರಿ ತೋರಿದ್ದು, ಅಂದರೆ ಕ್ಲಿನಿಕ್ಕಿಗೆ ಸರಿಯಾಗಿ ಬಾರದಿರುವುದು, ಒಪ್ಪಿಕೊಂಡ ಕೆಲಸ ಪೂರೈಸದಿರುವುದು, ಮುಂದಿನ ಶಿಸ್ತುಕ್ರಮದ ಜೊತೆ ಬಲವಾಗಿ ತಳಕು ಹಾಕಿಕೊಂಡಿತ್ತು.

ತಡವಾಗುವುದು ಯಾರಿಗೆ?

ಆದರೆ ತಡಮಾಡಿದವರೆಲ್ಲ ಸೋಮಾರಿಗಳೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಅಲ್ಲಿನ ವೈದ್ಯ ತರಬೇತಿಯ ವಯಸ್ಸು ಇಪ್ಪತ್ತಾರರಿಂದ ಮೂವತ್ತೈದರ ಆಸುಪಾಸು. ಮದುವೆ, ಬಸಿರು, ಬಾಣಂತನ ಎಲ್ಲವೂ ಅದೇ ವರ್ಷಗಳಲ್ಲಿ. 2007ರಲ್ಲಿ ಎಳೆಗೂಸಿನ ತಾಯಿಯೊಬ್ಬರು ಪರವಾನಗಿ ಪರೀಕ್ಷೆಯ ನಡುವೆ ಎದೆಹಾಲು ತೆಗೆದಿಡಲು ಹೆಚ್ಚಿನ ಬಿಡುವು ಕೇಳಿ ಮಸಾಚುಸೆಟ್ಸ್ ರಾಜ್ಯದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಬಿಡುವು ಕೊಡಿ ಎಂದು ನ್ಯಾಯಾಲಯ ಆದೇಶಿಸಿತು. ತರಬೇತಿಯ ಅವಧಿ ಬೆಳೆಸದೆ ಕನಿಷ್ಠ ಆರು ವಾರದ ಹೆರಿಗೆ ಅಥವಾ ಶುಶ್ರೂಷೆಯ ರಜೆಗೆ ಅವಕಾಶವಿರಬೇಕು ಎಂಬ ನೀತಿಯನ್ನು ಮಂಡಲಿಗಳ ಒಕ್ಕೂಟ ಜಾರಿಗೆ ತಂದದ್ದು 2021ರ ಜುಲೈಯಲ್ಲಿ. ಮೆಂಫಿಸ್‌ನ ಮೊದಲ ಪರೀಕ್ಷೆ ನಡೆದು ಆಗ 104 ವರ್ಷ ಸಂದಿತ್ತು.

ವರ್ಣಭೇದದ ಕಾಲದಲ್ಲಿ ಕರಿಯ ವೈದ್ಯರಿಗೆ ತಜ್ಞ ತರಬೇತಿ ಕೊಡುವ ಆಸ್ಪತ್ರೆಗಳೇ ಬೆರಳೆಣಿಕೆಯಷ್ಟಿದ್ದವು. 1927ರಲ್ಲಿ ಕಿವಿ ಮೂಗು ಗಂಟಲು ಮಂಡಲಿಯಿಂದ ಪ್ರಮಾಣಪತ್ರ ಪಡೆದ ವಿಲಿಯಂ ಹ್ಯಾರಿ ಬಾರ್ನ್ಸ್ ಅವರನ್ನು ಅಂಥ ಗೌರವ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ವೈದ್ಯರೆಂದು ಗುರುತಿಸುತ್ತಾರೆ. ಬಾಗಿಲೇ ತೆರೆಯದಿದ್ದ ಕಡೆ ಹೊತ್ತಿಗೆ ಸರಿಯಾಗಿ ಬಂದೆಯಾ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ನಮ್ಮವರ ಕಥೆಯೂ ಇದರಲ್ಲಿ ಸೇರಿದೆ. 1965ರ ವಲಸೆ ಕಾನೂನಿನ ನಂತರ ಭಾರತದ ಸಾವಿರಾರು ವೈದ್ಯರು ಅಲ್ಲಿಗೆ ಹೋದರು; ಮೈಸೂರು, ಬೆಂಗಳೂರು, ಮಣಿಪಾಲದ ಕಾಲೇಜುಗಳಲ್ಲಿ ಕಲಿತವರೂ ಅವರಲ್ಲಿದ್ದರು. ಇಲ್ಲಿ ಎಂ.ಎಸ್. ಮಾಡಿ ಕೈ ಪಳಗಿಸಿಕೊಂಡವರೂ ಸಾಮಾನ್ಯವಾಗಿ ಮತ್ತೆ ಮೊದಲಿನಿಂದ ತರಬೇತಿ ಪಡೆಯಬೇಕಿತ್ತು. ವೀಸಾದ ಷರತ್ತಿನಿಂದಾಗಿ ವೈದ್ಯರಿಲ್ಲದ ದೂರದ ಊರುಗಳಲ್ಲಿ ಮೂರು ವರ್ಷ ದುಡಿಯುವವರು ಇಂದಿಗೂ ಇದ್ದಾರೆ. ಹಗಲಿಡೀ ರೋಗಿಗಳು, ರಾತ್ರಿ ಕೂಸು, ನಡುವೆ ಊರಿನಿಂದ ಅಪ್ಪನ ಕಾಯಿಲೆಯ ಸುದ್ದಿ. ಪುಸ್ತಕ ತೆರೆಯುವುದು ಯಾವಾಗ? ನಮ್ಮಲ್ಲಿ ಈ ತೊಡಕು ಕಡಿಮೆ. ಇಲ್ಲಿ ಎಂ.ಡಿ., ಎಂ.ಎಸ್.ಗಳು ವಿಶ್ವವಿದ್ಯಾಲಯದ ಪದವಿಗಳು. ಪರೀಕ್ಷೆ ಕೋರ್ಸಿನ ಕೊನೆಗೇ ಬರುತ್ತದೆ.

ಹೊತ್ತಿಗೆ ಸರಿಯಾಗಿ ನಡೆದುಕೊಳ್ಳುವುದು ಪರೀಕ್ಷಕರಿಗೂ ಸುಲಭವಲ್ಲ ಎಂಬುದು 2020ರಲ್ಲಿ ತಿಳಿಯಿತು. ಕೋವಿಡ್‌ನಿಂದಾಗಿ ಶಸ್ತ್ರವೈದ್ಯ ಮಂಡಲಿ ಆ ಜುಲೈಯಲ್ಲಿ ಮನೆಯಿಂದಲೇ ಬರೆಯುವಂತೆ ಪರೀಕ್ಷೆ ಏರ್ಪಡಿಸಿತು. ತಾಂತ್ರಿಕ ದೋಷ ಮತ್ತು ಮಾಹಿತಿ ಸುರಕ್ಷತೆಯ ದೂರುಗಳಿಂದಾಗಿ ಮೊದಲ ದಿನದ ನಂತರ ಅದನ್ನು ರದ್ದು ಮಾಡಬೇಕಾಯಿತು. ಓದಿ ತಯಾರಾಗಿ ಕುಳಿತಿದ್ದವರೆಲ್ಲ ತಮ್ಮ ತಪ್ಪಿಲ್ಲದೆ ತಡವಾದರು.

ಇತ್ತ, ಪ್ರಮಾಣಪತ್ರ ಇದ್ದವರು ಮತ್ತೆ ಮತ್ತೆ ಪರೀಕ್ಷೆಗೆ ಕೂರಬೇಕೆಂಬ ನಿಯಮದ ಮೇಲೂ ಸಿಟ್ಟು ಎದ್ದಿತ್ತು. 1990ಕ್ಕೆ ಮೊದಲು ಪ್ರಮಾಣಪತ್ರ ಪಡೆದ ಫಿಜಿಶಿಯನ್ನರಿಗೆ ಆಜೀವ ಮಾನ್ಯತೆ, ನಂತರದವರಿಗೆ ಹತ್ತೇ ವರ್ಷ. ಅಜ್ಜನ ಕಲಮು ಮತ್ತೆ ಹಾಜರು. ಫೀಸು, ಕಾಗದಪತ್ರಗಳ ಹೊರೆಯ ವಿರುದ್ಧ ಪ್ರತಿಭಟನೆ ಬಲವಾಗಿ, 2015ರ ಫೆಬ್ರವರಿಯಲ್ಲಿ ಆ ಮಂಡಲಿ ತಾನು ತಪ್ಪಿದ್ದೇನೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಪರೀಕ್ಷೆಯ ಬದಲು ಆಗಾಗ ಕೆಲವೇ ಪ್ರಶ್ನೆ ಕೇಳುವ ಪದ್ಧತಿಯನ್ನು ಅರಿವಳಿಕೆ ತಜ್ಞರು 2014ರಲ್ಲಿ ಪ್ರಯೋಗಿಸಿದ್ದರು. 2022ರಿಂದ ಫಿಜಿಶಿಯನ್ನರಿಗೂ ಆ ಆಯ್ಕೆ ಸಿಕ್ಕಿದೆ. ದಿನವೂ ನೀರೆರೆದರೆ ಗಿಡ ಬಾಡದು ಎಂಬ ಹಳೆಯ ತಿಳಿವಳಿಕೆಗೆ ಇದು ಹತ್ತಿರ.

ಡಾಕ್ಟರ ಹೆಸರಿನ ಮುಂದಿನ ಅಕ್ಷರಗಳನ್ನು ಓದುವ ರೋಗಿಗೆ ಬೇಕಾದದ್ದು ಇಷ್ಟೇ: ಈತನಿಗೆ ಗೊತ್ತಿರುವುದು ಇಂದಿಗೂ ಗೊತ್ತಿದೆಯೇ? ‘ಅರ್ಹ’ ಎಂಬ ಮಾತು ಆ ಪ್ರಶ್ನೆಗೆ ಉತ್ತರವಾಗಲಾರದು. ಅದಕ್ಕೆ ಗಡುವು ಹಾಕಿದ್ದು ಸರಿಯಾದ ಕೆಲಸ. ಆದರೆ ಗಡುವು ದಾಟಿದವನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವ ಮೊದಲು ಅವನ ಆ ವರ್ಷಗಳು ಎಲ್ಲಿ ಹೋದವೆಂದು ಕೇಳುವ ವ್ಯವಧಾನವೂ ಬೇಕು. ಮರೆವು ಎಲ್ಲರಿಗೂ ಸಮಾನ. ಓದಲು ಸಿಗುವ ಬಿಡುವು ಸಮಾನವಲ್ಲ. ಈ ಸಲ ಊರಿಗೆ ಬರೋಕಾಗಲ್ಲ ಎಂದು ಫೋನಿಟ್ಟ ಮಗಳು ಅಲ್ಲಿ ಕಾಪಾಡಿಕೊಳ್ಳುತ್ತಿರುವುದು ಅಂಥ ಬಿಡುವನ್ನೇ.